ಮಲಗಿದವನ ವಿಳಾಸ

ಕನಸುಗಳು ಕಾಗದದ ಮೇಲೆ ಬರತೊಡಗಿ ಆಗ ಮೂರು ವರ್ಷವಾಗಿತ್ತು. ಮೊದಮೊದಲು ಪತ್ರಿಕೆಗಳು ಅವನ್ನು ಮುಖಪುಟದಲ್ಲಿ ಅಚ್ಚು ಹಾಕಿ ಕುಣಿದಾಡಿದವು. ಆಮೇಲೆ ಎಲ್ಲ ಹೊಸ ಸಂಗತಿಗಳ ಹಣೆಬರಹದಂತೆ ಅದೂ ಒಂದು ರಬ್ಬರ್ ಸ್ಟಾಂಪು, ಒಂದು ರಜಿಸ್ಟರು ಮತ್ತು ಒಬ್ಬ ಗುಮಾಸ್ತನ ಪಾಲಾಯಿತು. ನನ್ನ ಪಾಲಿಗೆ ಬಂದದ್ದು ಕಾಪಿಯರ್.

ನಾನು ಸುಮಂಗಲಾ. ಗದಗ ಮತ್ತು ಸುತ್ತಲಿನ ತಾಲೂಕುಗಳ ಕಚೇರಿಗಳಲ್ಲಿ ಕೆಟ್ಟು ಕೂತ ಕಾಪಿಯರ್‌ಗಳನ್ನು ಸರಿಮಾಡುವುದು ನನ್ನ ಕಸುಬು. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿ ನನಗೆ ಮನವರಿಕೆಯಾದದ್ದು ಏನೆಂದರೆ, ಯಂತ್ರ ತಾನಾಗಿ ಕೆಡುವುದು ಕಡಿಮೆ. ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದ ಏನೋ ಮಾಡಿರುತ್ತಾರೆ. ಮಾಡಿದ್ದನ್ನು ಅವರ ಬಾಯಿಂದ ಹೊರಡಿಸುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ.

ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಫೋನು ಮಾಡಿದವರು ಊರ ಹೊರಗಿನ ಆಸ್ಪತ್ರೆಯೊಂದರ ನಿದ್ರಾ ವಿಭಾಗದ ಡಾಕ್ಟರ್ ನಜಮಾ ಕಿತ್ತೂರ.

"ಸುಮಂಗಲಾ ಅವ್ರ, ಲಗೂನ ಬರ್ರಿ. ಕಾಪಿಯರ್‌ನಿಂದ ಕಂಪ್ಯೂಟರಿಗೆ ಸ್ಕ್ಯಾನ್ ಹೋಗವಲ್ದು. ಮೂರು ಗಂಟೆ ಒಳಗ ಸರಿ ಆಗಬೇಕು."

"ಮೂರಕ್ಕ ಏನೈತ್ರಿ ಮೇಡಮ್?"

"ಒಬ್ಬ ಮನಷ್ಯಾನ ತೀರ್ಮಾನ ಐತಿ," ಎಂದು ಫೋನಿಟ್ಟರು.

ನಾನು ಸ್ಕೂಟರ್ ಹತ್ತಿದೆ. ಆಸ್ಪತ್ರೆಯ ದಾರಿಯುದ್ದಕ್ಕೂ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಗಾಳಿ ಕಡಿಮೆಯಿದ್ದ ಆ ಬೆಳಿಗ್ಗೆ ಅವುಗಳ ರೆಕ್ಕೆಗಳು ಎಷ್ಟು ನಿಧಾನವಾಗಿ ತಿರುಗುತ್ತಿದ್ದವೆಂದರೆ, ನೋಡುತ್ತಾ ಹೋದವಳಿಗೆ ನನ್ನ ಸ್ಕೂಟರ್ರೂ ನೀರಿನೊಳಗೆ ಓಡುತ್ತಿದೆ ಎನಿಸಿತು.

ನಿದ್ರಾ ವಿಭಾಗದಲ್ಲಿ ಮಂಚ ಒಂದೇ, ಅದರ ತಲೆದೆಸೆಗೆ ಕನ್ನಡಿ ಎಂಬ ಯಂತ್ರವೂ ಒಂದೇ. ನಾಲ್ಕು ಜಿಲ್ಲೆಗೆ ಸೇರಿ ಸರ್ಕಾರ ಕೊಟ್ಟದ್ದು ಅಷ್ಟೇ. ಎಚ್ಚರ ತಪ್ಪಿ ತಿಂಗಳುಗಟ್ಟಲೆ ಮಲಗಿದವರ ತಲೆಗೆ ಬಲೆಯಂಥ ಟೋಪಿ ಹಾಕುತ್ತಾರೆ. ಒಳಗೆ ಕನಸು ಮೂಡಿದರೆ ಕನ್ನಡಿ ಅದನ್ನು ಹಾಳೆಯ ಮೇಲೆ ಬೂದು ಗೆರೆಗಳಲ್ಲಿ ಬಿಡಿಸುತ್ತದೆ. ದಿನಕ್ಕೆ ನಾಲ್ಕೈದು ಹಾಳೆ ಬಂದರೆ ಮನುಷ್ಯ ಒಳಗೆ ಇದ್ದಾನೆಂದು ಅರ್ಥ. ನರ್ಸ್ ಪ್ರತಿ ಹಾಳೆಗೆ ಸಮಯ ಬರೆದು, ಸಹಿ ಹಾಕಿ, ದುಂಡು ಮೊಹರು ಒತ್ತುತ್ತಾಳೆ. ಗುಮಾಸ್ತರು ಅವನ್ನು ಕಾಪಿಯರ್‌ನಲ್ಲಿಟ್ಟು ಮೇಲಿನ ಕೋಣೆಯ ಸಮಿತಿ ಕಂಪ್ಯೂಟರಿಗೆ ಕಳಿಸುತ್ತಾರೆ. ಸಮಿತಿಯ ಐವರು ಐದು ಊರುಗಳಲ್ಲಿದ್ದು ಆ ಕಂಪ್ಯೂಟರಿನ ಫೋಲ್ಡರನ್ನು ಮಾತ್ರ ನೋಡುತ್ತಾರೆ. ಫೋಲ್ಡರು ಸತತ ಇಪ್ಪತ್ತು ದಿನ ಖಾಲಿ ಇದ್ದರೆ ಆ ರೋಗಿಯದು ಕನಸಿಲ್ಲದ ನಿದ್ದೆ ಎಂದು ಬರೆದು, ಮಂಚವನ್ನು ಸರದಿಯಲ್ಲಿರುವ ಮುಂದಿನವರಿಗೆ ಕೊಡುತ್ತಾರೆ. ಉಸಿರಿನ ಕೊಳವೆ ತೆಗೆದ ಮೇಲೆ ಮನೆಗೆ ಹೋದವರು ಎಷ್ಟು ದಿನ ಬದುಕುತ್ತಾರೆಂದು ಯಾರೂ ಬರೆದಿಡುವುದಿಲ್ಲ.

ಮಂಚದ ಮೇಲಿದ್ದವನು ಬೆಟಗೇರಿಯ ಫಕೀರಪ್ಪ. ಗಾಳಿಯಂತ್ರಗಳ ಮೆಕ್ಯಾನಿಕ್. ಜೂನ್ ತಿಂಗಳಲ್ಲಿ ಏಣಿಯಿಂದ ಬಿದ್ದವನು ಆಮೇಲೆ ಕಣ್ಣು ತೆರೆದಿರಲಿಲ್ಲ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಅವನ ಹೆಂಡತಿ ದಾಕ್ಷಾಯಣಿ ಸಮಿತಿಯ ಪತ್ರ ಹಿಡಿದು ಕೂತಿದ್ದಳು. ಮಡಚಿ ಬಿಚ್ಚಿ ಮಡಚಿ ಪತ್ರ ಬಟ್ಟೆಯಷ್ಟು ಮೆತ್ತಗಾಗಿತ್ತು.

"ಅಕ್ಕಾರ, ದಿನಾ ಹಾಳಿ ಬಂದಾವು. ನಾ ಕಣ್ಣಾರೆ ನೋಡೇನಿ," ಎಂದಳು ನನ್ನ ಕೈಯಲ್ಲಿನ ಸಲಕರಣೆ ಚೀಲ ನೋಡಿದವಳೇ. "ಇಪ್ಪತ್ತು ದಿನದಿಂದ ಕನಸಾ ಇಲ್ಲಂತ ಹೆಂಗ ಬರದಾರ ಇವರು?"

"ಹಾಳಿ ಬಂದಾವ್ರಿ, ನಾನೂ ಕಳಿಸೇನಿ," ಎಂದರು ಗುಮಾಸ್ತ ಸಂಗನಗೌಡರು. ನಿವೃತ್ತಿಗೆ ಹತ್ತಿರವಾದ, ಕೂದಲಿಗೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಮನುಷ್ಯ. "ಹೋತು ಅಂತ ಮಷಿನ್ನಾ ಹೇಳತೈತಿ. ಬೇಕಾದ್ರ ನೋಡ್ರಿ."

ಕಾಪಿಯರ್‌ನಿಂದ ವರದಿ ಹಾಳೆ ತೆಗೆದೆ. ಗೌಡರು ಹೇಳಿದ್ದು ನಿಜ. ಇಪ್ಪತ್ತು ದಿನದ ಒಂದೊಂದು ಹಾಳೆಯ ಮುಂದೆಯೂ 'ಕಳಿಸಲಾಗಿದೆ' ಎಂದಿತ್ತು. ಮೇಲಿನ ಕೋಣೆಗೆ ಹೋಗಿ ಕಂಪ್ಯೂಟರ್ ನೋಡಿದರೆ ಫೋಲ್ಡರು ಗುಡಿಸಿ ಒರೆಸಿದ ಅಂಗಳದಂತೆ ಖಾಲಿ. ತಂತಿ ಕಿತ್ತು ಮತ್ತೆ ಸಿಕ್ಕಿಸಿದೆ. ಕಾಪಿಯರ್ ಆರಿಸಿ ಹಚ್ಚಿದೆ. ಫೋಲ್ಡರಿನ ಅನುಮತಿ, ಗುಪ್ತಪದ ಎಲ್ಲ ಪರೀಕ್ಷಿಸಿದೆ. ನನ್ನ ಲ್ಯಾಪ್‌ಟಾಪಿಗೆ ಒಂದು ಖಾಲಿ ಹಾಳೆ ಕಳಿಸಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಂತು. ಸಮಿತಿ ಕಂಪ್ಯೂಟರಿಗೆ ಅದನ್ನೇ ಕಳಿಸಿದರೆ 'ಕಳಿಸಲಾಗಿದೆ' ಎಂದಿತು, ಆದರೆ ಮೇಲೆ ಏನೂ ಬರಲಿಲ್ಲ.

ಸ್ಕ್ಯಾನು ಹೋಗದಿದ್ದರೆ ಕಾಪಿಯರ್ ಕಿರುಚುತ್ತದೆ, ಕೆಂಪು ದೀಪ ಹಾಕುತ್ತದೆ. ಇದು ಸುಮ್ಮನಿದೆ. ಹಾಗಾದರೆ ಯಾರೋ ಇಪ್ಪತ್ತು ದಿನದಿಂದ ಇವನ ಕನಸುಗಳನ್ನು ಬಾಗಿಲಲ್ಲಿ ನಿಂತು ಇಸಿದುಕೊಳ್ಳುತ್ತಿದ್ದಾರೆ.

ಹಾಳೆಗಳನ್ನು ನೋಡಬೇಕೆಂದೆ. ಡಾಕ್ಟರು ಕಪಾಟಿನಿಂದ ತೆಗೆಸಿ ಮೇಜಿನ ಮೇಲೆ ದಿನಾಂಕದ ಪ್ರಕಾರ ಹರಡಿದರು. ಮೊದಲ ಹಾಳೆಯಲ್ಲಿ ಒಂದು ಗಾಳಿಯಂತ್ರ, ಅದರ ನೆರಳಲ್ಲಿ ಒಂದು ಆಡು. ಎರಡನೆಯದರಲ್ಲಿ ಅದೇ ಗಾಳಿಯಂತ್ರ, ಅದರ ಹೊಟ್ಟೆಯೊಳಗೆ ಇನ್ನೊಂದು. ಮುಂದೆ ಮುಂದೆ ಹೋದಂತೆ ಯಂತ್ರದೊಳಗೆ ಯಂತ್ರ, ಆಡಿನೊಳಗೆ ಆಡು. ಕೊನೆಯ ಹಾಳೆಯಲ್ಲಿ ಸಾವಿರಾರು ಗಾಳಿಯಂತ್ರಗಳು ಹುಲ್ಲಿನ ಹಾಗೆ ಎದ್ದು ನಿಂತಿದ್ದವು, ಎಲ್ಲವೂ ಒಂದೇ ದಿಕ್ಕಿಗೆ ಬಾಗಿ. ನೋಡಿದಷ್ಟೂ ಒಳಗೆ ಎಳೆದುಕೊಳ್ಳುವ ಚಿತ್ರ.

"ಇದು ಏನ್ರಿ ಮೇಡಮ್?" ಎರಡನೆಯ ಹಾಳೆಯಿಂದ ಮುಂದೆ ಎಲ್ಲದರ ಬಲಮೂಲೆಯಲ್ಲಿ, ಮೋಡದ ಕೆಳಗೆ, ಸೊಟ್ಟ ಗೆರೆಯಿತ್ತು. ಪಕ್ಕದಲ್ಲಿ ಮಸುಕಾದ ದುಂಡು.

"ಹಕ್ಕಿ ಅಂತ ಬರದೇನಿ. ಹಕ್ಕಿ, ಸೂರ್ಯ."

ನಾನು ಭೂತಗನ್ನಡಿ ಹಿಡಿದೆ. ನಕಲಿನ ನಕಲು, ಅದರ ನಕಲು ತೆಗೆಯುವುದನ್ನು ಕಚೇರಿಗಳಲ್ಲಿ ನೋಡಿ ನೋಡಿ ನನ್ನ ಕಣ್ಣು ಸವೆದಿದೆ. ಸ್ಟೇಪ್ಲರ್‌ನ ತೂತು, ಚಹಾದ ಕಲೆ, ಮೊಹರು ಎಲ್ಲ ಒಂದು ನಕಲಿನಿಂದ ಇನ್ನೊಂದಕ್ಕೆ ಸಾಗಿಬರುತ್ತವೆ.

"ಹಕ್ಕಿ ಅಲ್ರಿ ಇದು. ನಿಮ್ಮ ನರ್ಸಮ್ಮನ ಸಹಿ. ಸೂರ್ಯ ಅಲ್ಲ, ನಿಮ್ಮ ಮೊಹರು."

ಡಾಕ್ಟರು ಭೂತಗನ್ನಡಿ ಇಸಿದುಕೊಂಡು ತಾವೂ ನೋಡಿದರು. ಸಹಿ ಹಾಕುವುದು ಹಾಳೆ ಹೊರಬಂದ ಮೇಲೆ. ಅದು ಕನಸಿನೊಳಗೆ ಹೇಗೆ ಹೋಯಿತು?

"ಗೌಡ್ರ," ಎಂದೆ, "ಇಪ್ಪತ್ತು ದಿನದ ಹಿಂದ ಇಲ್ಲಿ ಏನ್ ಮಾಡಿದ್ರಿ?"

"ಏನೂ ಮಾಡಿಲ್ರಿ. ದಸರಾಕ್ಕ ಖಂಡೇಪೂಜಿ ಮಾಡಿದ್ವಿ, ಅಷ್ಟ. ಎಲ್ಲಾ ಬಂದ್ ಮಾಡಿ, ಒರಸಿ, ಈಬತ್ತಿ ಹಚ್ಚಿ, ಹಾರ ಹಾಕಿದ್ವಿ. ವರ್ಷಕ್ಕೊಮ್ಮೆ ಅವಕ್ಕೂ ನಿದ್ದಿ ಬೇಕಲ್ರಿ."

"ಎಲ್ಲಾ ಅಂದ್ರ?"

"ಎಲ್ಲಾ ಅಂದ್ರ ಎಲ್ಲಾ. ಗ್ವಾಡಿ ಮ್ಯಾಲಿನ ನೆಟ್‌ವರ್ಕ್ ಡಬ್ಬಿ ಸೈತ."

"ಕನ್ನಡಿ?"

"ಅದನ್ನ ಹೆಂಗ ಬಂದ್ ಮಾಡೂದ್ರಿ? ಪೇಶಂಟ್ ತಲಿಗೆ ಹಚ್ಚೇತಲ್ಲ. ಅದಕ್ಕ ಬರೇ ಕುಂಕುಮ ಇಟ್ವಿ."

ನನಗೆ ನಗು ಬಂತು, ಅಳುವೂ ಬಂತು. ಗೋಡೆಯ ಮೇಲಿನ ಆ ಡಬ್ಬಿ ರೇಷನ್ ಅಂಗಡಿಯವನಂತೆ, ಮೊದಲು ಬಂದವರಿಗೆ ಮೊದಲ ಚೀಟಿ ಕೊಡುತ್ತದೆ. ಯಂತ್ರಗಳಿಗೆ ಆ ಚೀಟಿಯ ನಂಬರೇ ವಿಳಾಸ; ಇಲ್ಲಿ ನಂಬರು ಇಪ್ಪತ್ನಾಲ್ಕರಿಂದ ಶುರು. ಪ್ರತಿದಿನ ಎಲ್ಲರಿಗಿಂತ ಮುಂಚೆ ಸಮಿತಿ ಕಂಪ್ಯೂಟರ್ ಎದ್ದು ಇಪ್ಪತ್ನಾಲ್ಕನೇ ನಂಬರು ಹಿಡಿಯುತ್ತಿತ್ತು. ಕಾಪಿಯರ್ ಆ ನಂಬರನ್ನೇ ಬಾಯಿಪಾಠ ಮಾಡಿಕೊಂಡಿತ್ತು. ಖಂಡೇಪೂಜೆಯ ದಿನ ಎಲ್ಲ ಮಲಗಿದಾಗ ಎಚ್ಚರವಿದ್ದದ್ದು ಮಲಗಿದವನ ಕನ್ನಡಿ ಒಂದೇ. ಡಬ್ಬಿ ಮತ್ತೆ ಎದ್ದಾಗ ಆ ನಂಬರನ್ನು ಕನ್ನಡಿ ಹಿಡಿದುಕೊಂಡಿತು, ಆಮೇಲೆ ಬಿಡಲಿಲ್ಲ. ಪಟ್ಟಿ ತೆರೆದು ನೋಡಿದೆ: ಇಪ್ಪತ್ನಾಲ್ಕು, ಕನ್ನಡಿ. ಕಾಪಿಯರ್ ಇಪ್ಪತ್ತು ದಿನ ಫಕೀರಪ್ಪನ ಕನಸುಗಳನ್ನು ತಪ್ಪದೆ ಫಕೀರಪ್ಪನಿಗೇ ಕಳಿಸಿತ್ತು.

"ಕಳಿಸಿದ್ದನ್ನು ಕನ್ನಡಿ ತೊಗೊಳ್ಳತೈತೇನ್ರಿ?" ಎಂದು ಕೇಳಿದೆ.

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. "ಟೋಪಿ ಹಾಕೋ ದಿನ ಕನ್ನಡಿಯಿಂದಾನ ರೋಗಿ ತಲಿಯೊಳಗ ಕೊಡ, ದೀಪ, ಆಕಳು ಅಂತ ಚಿತ್ರ ತೋರಸ್ತೀವಿ, ತಲಿ ಅವನ್ನ ಹೆಂಗ ಬಿಡಸ್ತೈತಿ ಅಂತ ಕನ್ನಡಿ ಕಲಕೊಳ್ಳಾಕ. ಆ ಬಾಗಲಕ್ಕ ಚಿಲಕಾ ಇಲ್ಲ. ಯಾವ ಚಿತ್ರ ಬಂದ್ರೂ ಒಳಗ ತೋರಸ್ತೈತಿ."

ನಾನು ಖುಷಿಯಿಂದ ಚೀಲ ಮುಚ್ಚತೊಡಗಿದ್ದೆ. ವಿಳಾಸ ತಿದ್ದಿ ಹಳೆಯ ಹಾಳೆಗಳನ್ನೆಲ್ಲ ಮತ್ತೆ ಕಳಿಸಿದರೆ ಮುಗಿಯಿತಲ್ಲ. ಡಾಕ್ಟರು ತಲೆ ಆಡಿಸಿದರು.

"ಈ ಹಾಳಿ ನಾ ಹೆಂಗ ಕಳಸಲಿ? ಮೊದಲನೇದು ಅವಂದಾ ಇರಬಹುದು, ಆದ್ರ ಅದು ಇಪ್ಪತ್ತು ದಿನದ ಹಿಂದಿಂದು; ಉಳಿದವು ಅವನ ಕನಸು ಅಲ್ಲ. ನಾವು ತೋರಿಸಿದ್ದು ತಿರುಗಿ ಬಂದದ್ದು. ಖಾಲಿ ಕೊಡದಾಗ ಕೂಗಿದ್ರೂ ದನಿ ತಿರುಗಿ ಬರತೈತಿ. ಕೊಡದಾಗ ಯಾರೂ ಇರಬೇಕಂತಿಲ್ಲ."

ದಾಕ್ಷಾಯಣಿಯ ಮುಖ ನೋಡಲಾಗಲಿಲ್ಲ ನನಗೆ. ತಪ್ಪು ಹುಡುಕಿ ಕೊಟ್ಟವಳು ನಾನು. ಹುಡುಕದೆ ಇದ್ದಿದ್ದರೆ ಹಾಳೆಗಳಾದರೂ ಉಳಿಯುತ್ತಿದ್ದವು ಎನಿಸಿತು.

ಅವಳು ಅಳಲಿಲ್ಲ. ಎದ್ದು ಕಾಪಿಯರ್ ಹತ್ತಿರ ಬಂದಳು.

"ಡಾಕ್ಟರ್ರ, ಈಗ ನಾ ಅದರಾಗ ಏನರ ಇಟ್ರ ಅವರಿಗೆ ಕಾಣತೈತೇನ್ರಿ?"

"ಕಾಣಬಹುದು. ಆದ್ರ ಅಕ್ಷರ ಬರೀಬ್ಯಾಡವಾ, ಕನಸಿನ್ಯಾಗ ಅಕ್ಷರ ನಿಲ್ಲಂಗಿಲ್ಲ. ವಸ್ತು ಇಡು." ಡಾಕ್ಟರು ಎದ್ದು ನಿಂತರು. ಅವರ ದನಿ ಬದಲಾಗಿತ್ತು. "ಒಂದ ಸಲ. ಆಮ್ಯಾಲೆ ಸುಮಂಗಲಾ ಅವರು ಆ ದಾರಿ ಬಂದ್ ಮಾಡ್ತಾರ. ಮುಂದಿನ ಹಾಳಿಯೊಳಗ ನೀ ಇಟ್ಟದ್ದಷ್ಟ ಬಂದ್ರ ಅದು ಬರೇ ಮಾರ್ದನಿ. ನೀ ಇಡದೇ ಇದ್ದದ್ದು ಏನರ ಬಂತು ಅಂದ್ರ, ಮೂರಕ್ಕ ಸಮಿತಿ ಮುಂದ ನಾ ಅದನ್ನ ಇಡತೀನಿ."

ದಾಕ್ಷಾಯಣಿ ಮನೆಗೆ ಹೋಗಿಬರಬೇಕೆಂದಳು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬೆಟಗೇರಿಗೆ ಹೊರಟೆ.

ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಎಲ್ಲ ಮನೆಗಳಿಂದಲೂ ಬರುತ್ತಿತ್ತು, ಅವಳ ಮನೆಯೊಂದನ್ನು ಬಿಟ್ಟು. ಕುಣಿಮಗ್ಗ ಅದು; ನೇಯುವವರು ನೆಲದ ಅಂಚಿನಲ್ಲಿ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತಾರೆ. ನೇರಳೆ ಬಣ್ಣದ ಸೀರೆ ಅರ್ಧಕ್ಕೆ ನಿಂತಿತ್ತು. ಅತ್ತೆ ನಾಗವ್ವ ಪಡಸಾಲೆಯಲ್ಲಿ ಕೂತು ನೂಲು ಸುತ್ತುತ್ತಿದ್ದಳು.

"ಏನಂದ್ರು ದಾಕ್ಷಿ?" ಎಂದಳು, ಕೈ ನಿಲ್ಲಿಸದೆ.

"ಇನ್ನಾ ಏನೂ ಅಂದಿಲ್ಲರಿ ಅತ್ತಿ."

ಮುದುಕಿ ಎದ್ದು ನನಗೊಂದು ಲೋಟ ಮಜ್ಜಿಗೆ ಕೊಟ್ಟಳು. ದಾಕ್ಷಾಯಣಿ ಮಗ್ಗದ ಪಕ್ಕದ ಬುಟ್ಟಿಯಿಂದ ಅಡ್ಡನೂಲು ಒಯ್ಯುವ ಕರಿಮರದ ಲಾಳಿಯೊಂದನ್ನು ತೆಗೆದಳು. ದೋಣಿಯಾಕಾರದ್ದು, ಅಂಗೈಯಲ್ಲಿ ಹಿಡಿಯುವಷ್ಟು.

"ಜೋಡಿ ಲಾಳಿ ಇದು. ಮದಿವ್ಯಾದ ವರ್ಷ ಇವರಾ ಕೆತ್ತಿಕೊಟ್ಟಿದ್ರು," ಎಂದಳು. "ಬೀಳೂ ಹಿಂದಿನ ದಿನ ಇನ್ನೊಂದರ ಮೂತಿ ತೀಡಿ ಕೊಡತೀನಂತ ಒಯ್ದ್ರು. ಎಲ್ಲಿಟ್ಟಾರೋ ಏನೋ. ನಾಕು ತಿಂಗಳಾತು, ಮನಿ ತುಂಬ ಹುಡುಕೇನಿ. ಅದಿಲ್ದ ಈ ಸೀರಿ ಮುಗಸಾಕ ಮನಸ ಬರವಲ್ದು ನನಗ."

ವಾಪಸು ಬರುವಾಗ ಅವಳು ಲಾಳಿಯನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. ಗುಡ್ಡದ ಮೇಲಿನ ರೆಕ್ಕೆಗಳು ಈಗ ಇನ್ನೂ ನಿಧಾನವಾಗಿದ್ದವು.

ಹನ್ನೆರಡೂಕಾಲಿಗೆ ಕಾಪಿಯರ್‌ನ ಮುಚ್ಚಳ ಎತ್ತಿದೆ. ದಾಕ್ಷಾಯಣಿ ಗಾಜಿನ ಎಡಭಾಗದಲ್ಲಿ ಲಾಳಿಯನ್ನಿಟ್ಟಳು. ಬಲಭಾಗದಲ್ಲಿ ತನ್ನ ಖಾಲಿ ಅಂಗೈಯನ್ನು ಅಗಲವಾಗಿ ಚಾಚಿಟ್ಟಳು, ಇನ್ನೊಂದನ್ನು ಕೊಡಿ ಎಂದು ಕೇಳುವವರ ಹಾಗೆ. ಹಸಿರು ಗುಂಡಿ ಒತ್ತಿದೆ. ಬೆಳಕಿನ ಪಟ್ಟಿ ಲಾಳಿಯ ಕೆಳಗೆ ಹಾದು, ಅವಳ ಬೆರಳುಗಳ ಸಂದಿಯಿಂದ ಸೋರಿ, ಆಚೆ ದಡ ಮುಟ್ಟಿತು. 'ಕಳಿಸಲಾಗಿದೆ' ಎಂದಿತು ಯಂತ್ರ. ಆ ಮಾತನ್ನು ಲಕ್ಷ ಸಲ ನೋಡಿದ್ದೇನೆ. ಹೋಗಿ ಮುಟ್ಟಲಪ್ಪಾ ಎಂದು ಬೇಡಿಕೊಂಡದ್ದು ಅದೇ ಮೊದಲು.

ಆಮೇಲೆ ಕನ್ನಡಿಯ ಬಾಗಿಲು ಮುಚ್ಚಿದೆ. ಸಮಿತಿ ಕಂಪ್ಯೂಟರಿಗೆ ಅದರ ಹಳೆಯ ನಂಬರನ್ನು ಕೊಟ್ಟು, ಯಾರು ಎಷ್ಟು ಪೂಜೆ ಮಾಡಿದರೂ ಕದಲದಂತೆ ಗಟ್ಟಿ ಮಾಡಿದೆ. ಸಂಗನಗೌಡರು ಒಂದು ಮೂಲೆಯಲ್ಲಿ ನಿಂತು, "ನಾ ಒಳ್ಳೇದಕ್ಕಂತ ಮಾಡಿದ್ನೆರಿ," ಎಂದು ಮೂರು ಸಲ ಹೇಳಿದರು. ಮೂರನೆಯ ಸಲ ಅವರ ಕಣ್ಣಲ್ಲಿ ನೀರಿತ್ತು. ನಾನು ಅವರನ್ನು ಬೈಯಲಿಕ್ಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳನ್ನು ಬಿಟ್ಟುಬಿಟ್ಟೆ.

ಒಂದಾಯಿತು, ಒಂದೂವರೆಯಾಯಿತು. ನಾವು ನಾಲ್ವರೂ ಮಂಚದ ಸುತ್ತ ಕೂತೆವು. ಕಿಟಕಿಯ ಪರದೆ ಉಬ್ಬಿ ಇಳಿಯುತ್ತಿತ್ತು. ಫಕೀರಪ್ಪನ ಎದೆ ಉಬ್ಬಿ ಇಳಿಯುತ್ತಿತ್ತು. ಯಾವುದು ಯಾವುದನ್ನು ನೋಡಿ ಕಲಿಯುತ್ತಿದೆಯೋ ತಿಳಿಯದಂತೆ ಎರಡೂ ಒಂದೇ ಲಯಕ್ಕೆ ಬಂದಿದ್ದವು. ಎಚ್ಚರವಿದ್ದೇನೋ ಇಲ್ಲವೋ ಎಂದು ನನಗೇ ಅನುಮಾನವಾಗುವಂಥ ಮಧ್ಯಾಹ್ನ. ಎರಡು ಗಂಟೆ ಹತ್ತು ನಿಮಿಷಕ್ಕೆ ಕನ್ನಡಿ ಗುಂಯ್ ಎಂದಿತು. ಹಾಳೆಯ ಅಂಚು ಹೊರಗೆ ಇಣುಕಿತು.

ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು. ಮೇಲುಗಡೆ ಲಾಳಿ. ಪಕ್ಕದಲ್ಲಿ ಅಂಗೈ. ಅಷ್ಟೇ ಎಂದುಕೊಂಡೆ.

"ಕೆಳಗ ನೋಡ್ರಿ," ಎಂದರು ಡಾಕ್ಟರು ಮೆಲ್ಲಗೆ.

ಹಾಳೆಯ ಕೆಳಗಿನ ಅರ್ಧ ಕಪ್ಪಗಿತ್ತು. ಆ ಕಪ್ಪಿನೊಳಗೆ ಮೇಲಿನಿಂದ ಎರಡು ಪಾದಗಳು ಇಳಿಬಿದ್ದಿದ್ದವು. ಕೆಳಗಿನಿಂದ ನೋಡಿದ ಪಾದಗಳು. ಹಿಮ್ಮಡಿಯ ಒಡಕುಗಳೂ ಕಾಣುತ್ತಿದ್ದವು. ಎರಡನೆಯ ಬೆರಳಿನ ಕಾಲುಂಗುರ ಸ್ವಲ್ಪ ವಾಲಿತ್ತು.

"ಹೆಂಗಸಿನ ಕಾಲು. ಹಳೇ ಹಾಳಿ ಯಾವುದರಾಗೂ ಇಲ್ಲ. ನೀ ಇಟ್ಟದ್ದರಾಗೂ ಇಲ್ಲ. ಯಾರವ ಇವು?"

ದಾಕ್ಷಾಯಣಿ ಚಪ್ಪಲಿ ಬಿಟ್ಟು ಕಾಲು ಮುಂದೆ ಚಾಚಿದಳು. ಕಾಲುಂಗುರ ವಾಲಿತ್ತು.

"ಮಗ್ಗದ ಕುಣಿ ಇದು," ಎಂದಳು. "ಕುಣಿಯೊಳಗ ನಿಂತು ಮ್ಯಾಲ ನೋಡಿದ್ರ ಹಿಂಗ ಕಾಣತೈತಿ. ತುಳಿಗ್ವಾಲು ಸರಿ ಮಾಡಾಕ ಇವರ ಇಳೀತಿದ್ರು ಅದರಾಗ."

ಪಾದಗಳ ಪಕ್ಕದಲ್ಲಿ, ಕುಣಿಯ ಮಣ್ಣಿನ ಗೋಡೆಯಲ್ಲಿ, ಒಂದು ಗೂಡಿತ್ತು. ಗೂಡಿನೊಳಗೆ ಏನೋ ನೆಟ್ಟಗೆ ನಿಂತಿತ್ತು.

ಅವಳು ಮನೆಗೆ ಫೋನು ಮಾಡಿದಳು. ಡಾಕ್ಟರು ಎಲ್ಲರಿಗೂ ಕೇಳುವಂತೆ ದನಿ ಜೋರು ಮಾಡಿದರು.

"ಅತ್ತಿ, ಮಗ್ಗದ ಕುಣಿಯೊಳಗ ಇಳದ ನೋಡ್ರಿ. ಎಡಕಿನ ಗ್ವಾಡಿಯೊಳಗ ಗೂಡು ಐತೇನು?"

"ನನ್ನ ಮೊಣಕಾಲು ಕುಣಿ ಇಳಿಯೋ ಮೊಣಕಾಲೇನ ನಮ್ಮವ್ವಾ?" ಎಂದಳು ನಾಗವ್ವ. ಆದರೂ ಇಳಿದಳು. ಬಳೆಗಳ ಸದ್ದು, ಏದುಸಿರು, ಮಣ್ಣು ಉದುರುವ ಸದ್ದು ಕೇಳಿದವು. ಸಂಗನಗೌಡರು ಕಣ್ಣು ಮುಚ್ಚಿ ಕೈ ಮುಗಿದಿದ್ದರು.

"ಐತಿ ದಾಕ್ಷಿ," ಎಂದಿತು ಫೋನು. "ಲಾಳಿ ಐತಿ. ಬಟ್ಟಿ ಸುತ್ತಿ ಇಟ್ಟಾನ. ಮೂತಿ ತೀಡ್ಯಾನ... ಎಣ್ಣಿ ಸೈತ ಹಚ್ಚ್ಯಾನ ನನ ಮಗಾ." ಮುದುಕಿಯ ದನಿ ಒಡೆಯಿತು. "ನಿನಗ ಯಾರು ಹೇಳಿದ್ರು?"

"ಅವರಾ ಹೇಳಿದ್ರು ಅತ್ತಿ, ಈಗ," ಎಂದು ದಾಕ್ಷಾಯಣಿ ಗಳಗಳನೆ ಅತ್ತಳು. ನಾನೂ ಅತ್ತೆ. ಡಾಕ್ಟರು ಹಾಳೆ ಹಿಡಿದು ಅಳುತ್ತಲೇ ಮೆಟ್ಟಿಲು ಹತ್ತಿ ಓಡಿದರು.

ಎರಡು ಐವತ್ತಕ್ಕೆ ಆ ಹಾಳೆ ಸಮಿತಿಯ ಫೋಲ್ಡರಿನಲ್ಲಿತ್ತು. ಮೇಲಿನ ಕೋಣೆಯಲ್ಲಿ ಏನೇನು ವಾದವಾಯಿತೋ ತಿಳಿಯದು. ಮೂರೂ ಮುಕ್ಕಾಲಿಗೆ ಕೆಳಗಿಳಿದ ಡಾಕ್ಟರ ಮುಖವೇ ಎಲ್ಲ ಹೇಳಿತು. ಮಂಚ ಫಕೀರಪ್ಪನದೇ. ಜೊತೆಗೆ ಸಮಿತಿಯ ಒಬ್ಬರು, ನಮಗೆ ನೋಡುವುದಷ್ಟೇ ಗೊತ್ತಿತ್ತು, ಮಲಗಿದವನನ್ನು ಕೇಳುವುದು ಗೊತ್ತಿರಲಿಲ್ಲ, ಆ ದಾರಿಯನ್ನು ಮತ್ತೆ ತೆರೆಯಿರಿ ಎಂದರಂತೆ.

ನಾನು ಕನ್ನಡಿಯ ಬಾಗಿಲು ತೆರೆದು, ಕಾಪಿಯರ್‌ನ ಪರದೆಯಲ್ಲಿ ಸಮಿತಿಯ ಗುಂಡಿಯ ಕೆಳಗೆ ಇನ್ನೊಂದು ಗುಂಡಿ ಮಾಡಿದೆ. ಹೆಸರೇನು ಹಾಕಲಿ ಎಂದಾಗ ಗೌಡರು ತಡಮಾಡದೆ 'ಫಕೀರಪ್ಪ' ಎಂದರು. ವರದಿ ಪುಸ್ತಕದಲ್ಲಿ ದೋಷ ಏನು, ಏನು ಸರಿಮಾಡಲಾಯಿತು ಎಂಬ ಎರಡು ಖಾನೆಗಳಿರುತ್ತವೆ. ಯಾವುದನ್ನು ಯಾವುದರಲ್ಲಿ ಬರೆಯಬೇಕೆಂದು ಅವತ್ತು ನನಗೆ ತಿಳಿಯಲಿಲ್ಲ.

ನಾನು ಚೀಲ ಹೆಗಲಿಗೇರಿಸುವ ಹೊತ್ತಿಗೆ ದಾಕ್ಷಾಯಣಿ ಯಾರನ್ನೂ ಕೇಳದೆ ಕಾಪಿಯರ್‌ನ ಮುಚ್ಚಳ ಎತ್ತಿದ್ದಳು. ಗಾಜಿನ ಮೇಲೆ ಒಂದು ಪಾದ ಇಡಲು ಹವಣಿಸುತ್ತಿದ್ದಳು. ಗೌಡರು ಹೌಹಾರಿ ಸ್ಟೂಲು ತಂದು ಕೈ ಆಸರೆ ಕೊಟ್ಟರು. ವಾಲಿದ ಕಾಲುಂಗುರದ ಆ ಪಾದವನ್ನು ಗಾಜಿಗೆ ಒತ್ತಿ, ಸೆರಗಿನಿಂದ ಮೂಗು ಒರೆಸಿಕೊಂಡು, ಅವಳು ಬಗ್ಗಿ ಯಂತ್ರದ ಕಡೆ ಮುಖ ಮಾಡಿ ಗಂಡನನ್ನು ಬೈದಳು:

"ನಾಕು ತಿಂಗಳು ನನ್ನ ಕಾಲಬುಡಕಾ ಇತ್ತಲ್ರೀ! ಇಡಾಕ ಬ್ಯಾರೆ ಜಾಗಾ ಸಿಗಲಿಲ್ಲೇನು ನಿಮಗ?"

ಬೈದು ಮುಗಿಸಿ, ಫಕೀರಪ್ಪನ ಗುಂಡಿ ಒತ್ತಿದಳು.